ಬಲಮುರಿ ಶೂಟಿಂಗ್‌ಗೆ ತಂದ ಬಾಡಿಗೆ ಲೈಟು

ನಮ್ಮ ಕಾಲೇಜು ಬ್ಯಾಂಡಿನ ಹಾಡಿನ ವಿಡಿಯೋವನ್ನು ಕಾವೇರಿ ದಡದ ಬಲಮುರಿಯಲ್ಲಿ ತೆಗೆಯಲು ಮೈಸೂರಿನ ಒಂದು ಅಂಗಡಿಯಿಂದ ಲೈಟು, ಜನರೇಟರ್ ಬಾಡಿಗೆಗೆ ತಂದೆವು. ಜೊತೆಗೆ ಬಂದ ಲೈಟ್‌ಬಾಯ್ ಅಣ್ಣ ಬಂಗಾರದಂಥವರು. ನಾವು ಕಾವೇರಿಗೆ ಕಾಲಿಡುವ ಮೊದಲೇ, "ಕೆಆರ್‌ಎಸ್‌ನಿಂದ ನೀರು ಬಿಡ್ತಾರಾ, ವಿಚಾರಿಸಿದ್ರಾ?" ಎಂದರು. ಜನರೇಟರನ್ನು ದಡದ ಮೇಲೆ, ಗಾಳಿ ಆಡುವ ಕಡೆ ಇಟ್ಟರು. ಪ್ರತಿ ಸ್ಟ್ಯಾಂಡಿನ ಕಾಲಿಗೂ ಮರಳಿನ ಚೀಲ. ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಇಎಲ್‌ಸಿಬಿ ಸ್ವಿಚ್ಚಿನ ಟೆಸ್ಟ್ ಬಟನ್ ಒತ್ತಿದರು, ಟಕ್ ಅಂತ ಟ್ರಿಪ್ ಆಯ್ತು. ಆಮೇಲೇ ಲೈಟ್ ಹಾಕಿದ್ದು. ಒದ್ದೆ ಬಂಡೆ ಮೇಲೆ ಕುಣಿಯಲು ಹೊರಟ ನಮ್ಮ ಗಾಯಕನಿಗೆ ಬೈಗುಳವೂ ಸಿಕ್ಕಿತು. ಅವನಿಗೆ ಅದು ಬೇಕಿತ್ತು ಬಿಡಿ.

ಬೇಸರ ಒಂದೇ. ಸಿಪ್ಪೆ ಕಿತ್ತ ಒಂದು ಕೇಬಲ್ಲಿಗೆ ಅಂಗಡಿಯವರು ಬರೀ ಟೇಪ್ ಸುತ್ತಿ ಕಳಿಸಿದ್ದರು. ಅಣ್ಣ ಅದನ್ನು ಮುಟ್ಟದೆ ಪಕ್ಕಕ್ಕಿಟ್ಟರು. ಅಂಗಡಿಯಲ್ಲೇ ನೋಡಬೇಕಿತ್ತು ಅಲ್ವಾ? ಬಾಡಿಗೆ ಸ್ವಲ್ಪ ಜಾಸ್ತಿ. ಆದರೂ ಲೈಟ್‌ಬಾಯ್ ಸಮೇತ ತಗೊಳ್ಳಿ. ಕಾಸು ಉಳಿಸೋಕೆ ಸುಮ್ನೆ ನೀವೇ ವೈರ್ ಎಳೆಯಬೇಡಿ.