ಮಧ್ಯದಲ್ಲಿ ಮೆಡಿಕಲ್ ಕಾಲೇಜು ಬದಲಾಯಿಸಿಕೊಡ್ತೀವಿ ಅನ್ನುವ ಕುಶಾಲನಗರದ ಕನ್ಸಲ್ಟೆನ್ಸಿ: ಐದಕ್ಕೆ ಎರಡು ಸ್ಟಾರ್

ಹೆಸರು ಹಾಕುವುದಿಲ್ಲ. ಇಂಥ ಆಫೀಸುಗಳು ಕೊಡಗಿನಲ್ಲಿ ಒಂದೆರಡಲ್ಲ, ಒಬ್ಬರನ್ನೇ ಎಳೆದು ತಂದು ನಿಲ್ಲಿಸುವುದು ನನಗೆ ಬೇಕಿಲ್ಲ. ಹೊಸದಾಗಿ ಹೊರದೇಶದಲ್ಲಿ ಎಂಬಿಬಿಎಸ್ ಸೇರುವವರಿಗೆ ಇವರ ಕೆಲಸ ಪರವಾಗಿಲ್ಲ. ಪಾಸ್‌ಪೋರ್ಟ್, ಮಾರ್ಕ್ಸ್ ಕಾರ್ಡ್, ಅಪೊಸ್ಟಿಲ್ (ಹೊರದೇಶಕ್ಕೆ ಬೇಕಾದ ಸರ್ಕಾರಿ ದೃಢೀಕರಣ), ವೀಸಾ ಎಲ್ಲ ನೀಟಾಗಿ ಮಾಡಿಕೊಡುತ್ತಾರೆ, ಫೋನ್ ಎತ್ತುತ್ತಾರೆ, ಏರ್‌ಪೋರ್ಟಿಗೂ ಜನ ಕಳಿಸುತ್ತಾರೆ. ಎರಡು ಸ್ಟಾರ್ ಅದಕ್ಕೇ. ಓದುತ್ತಿರುವ ಕಾಲೇಜು ಬಿಟ್ಟು ಇನ್ನೊಂದಕ್ಕೆ ಹೋಗಬೇಕು ಅಂತ ಮೆಟ್ಟಿಲು ಹತ್ತಿದರೆ ಮಾತ್ರ ಹುಷಾರು.

ನಮ್ಮ ವಿಷಯ ಇಷ್ಟು. ಅಕ್ಕನ ಮಗಳು ಕಿರ್ಗಿಸ್ತಾನದಲ್ಲಿ ಎರಡನೇ ವರ್ಷ ಮುಗಿಸಿದ್ದಾಳೆ. ಚಳಿ, ಹಾಸ್ಟೆಲ್ ಊಟ, ಅದೆಲ್ಲ ಹೇಗೋ ಸಹಿಸಿಕೊಂಡಳು. ಆದರೆ ಮೂರನೇ ವರ್ಷದಿಂದ ವಾರ್ಡಿಗೆ ಹೋಗಬೇಕು, ಅಲ್ಲಿನ ಪೇಷಂಟುಗಳು ಮಾತಾಡುವುದು ಕಿರ್ಗಿಜ್ ಇಲ್ಲವೇ ರಷ್ಯನ್. ಹೊಟ್ಟೆನೋವು ಯಾವಾಗಿಂದ ಅಂತ ಕೇಳೋಕೂ ಬರದೆ ನಾನು ಏನು ಕಲಿಯಲಿ ಅಂತ ಅವಳ ಪ್ರಶ್ನೆ, ನ್ಯಾಯವಾದದ್ದೇ ಅಲ್ವಾ. ಸೋಮವಾರಪೇಟೆ ಕಡೆ ತೋಟ ಇರುವ ಭಾವನಿಗೆ ಬೇರೆಯೇ ಆಸೆ. ಮಡಿಕೇರಿಯಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜಿದೆ, 2016ರಿಂದ ನಡೀತಿದೆ, ವರ್ಷಕ್ಕೆ 150 ಸೀಟು, ಯಾರಾದರೂ ಒಬ್ಬರು ಬಿಟ್ಟುಹೋದ ಜಾಗಕ್ಕೆ ಇವಳನ್ನು ಸೇರಿಸೋಕೆ ಆಗಲ್ವಾ ಅಂತ.

ಕನ್ಸಲ್ಟೆನ್ಸಿಯವರು ಆಗಲ್ಲ ಅನ್ನಲಿಲ್ಲ. "ಆಗುತ್ತೆ ಅಣ್ಣ, ಸ್ವಲ್ಪ ಪ್ರೊಸೆಸ್ ಇದೆ ಅಷ್ಟೇ. ಇಂಡಿಯಾ ಕಷ್ಟ ಆದ್ರೆ ಜಾರ್ಜಿಯಾಗೆ ನೇರ ಮೂರನೇ ವರ್ಷಕ್ಕೆ ಹಾಕೋಣ" ಅಂದರು. ಟ್ರಾನ್ಸ್‌ಫರ್ ಫೈಲ್ ಓಪನ್ ಮಾಡೋಕೆ ಮುಂಗಡ. ಭಾವ ಮನೆಯಲ್ಲಿ ಯಾರನ್ನೂ ಕೇಳದೆ ಕೊಟ್ಟು ಬಂದಿದ್ದರು. ಕರಿಮೆಣಸು ಮಾರಿದ ದುಡ್ಡು ಕೈಯಲ್ಲಿತ್ತು ನೋಡಿ.

ಆಮೇಲೆ ನಾನೂ ಜೊತೆಗೆ ಹೋದೆ. ಯಾವ ನಿಯಮದಲ್ಲಿ ಆಗುತ್ತೆ, ಅದನ್ನು ತೋರಿಸಿ ಅಂತ ಕೇಳಿದೆ. ಆಫೀಸಿನಲ್ಲಿ ಕೂತಿದ್ದ ಹುಡುಗ ಟೇಬಲ್ ಮೇಲಿಂದ ಮೊಬೈಲ್ ಚಾಚಿ ಎನ್‌ಎಂಸಿಯ (ರಾಷ್ಟ್ರೀಯ ವೈದ್ಯಕೀಯ ಆಯೋಗ) ನೋಟಿಸ್ ತೋರಿಸಿದ. 2022ರ ಸೆಪ್ಟೆಂಬರಿನದು. ಬೇರೆ ಯೂನಿವರ್ಸಿಟಿಯಲ್ಲಿ ಓದು ಮುಂದುವರಿಸಬಹುದು ಅನ್ನುವ ಸಾಲನ್ನು ಬೆರಳಲ್ಲಿ ಹಿಗ್ಗಿಸಿ ಇಟ್ಟುಕೊಂಡಿದ್ದ. ನಾನು ಹಿಗ್ಗಿಸಿದ್ದನ್ನು ಚಿಕ್ಕದು ಮಾಡಿ ಮೇಲಕ್ಕೆ ಎಳೆದೆ. ಯುಕ್ರೇನ್ ಅಂತ ಇತ್ತು. ಯುದ್ಧದಿಂದ ಕ್ಲಾಸು ನಿಂತುಹೋದ ಯುಕ್ರೇನ್ ಮಕ್ಕಳಿಗೆ ಅಂತ ಕೊಟ್ಟ ವಿನಾಯಿತಿ ಅದು, ಅದರಲ್ಲೂ ಡಿಗ್ರಿ ಕೊಡುವುದು ಯುಕ್ರೇನಿನ ಮೂಲ ಯೂನಿವರ್ಸಿಟಿಯೇ. ಕಿರ್ಗಿಸ್ತಾನಕ್ಕೂ ಅದಕ್ಕೂ ಏನು ಸಂಬಂಧ ಅಂದರೆ, "ಅದೇ ಬೇಸಿಸ್ ಮೇಲೆ ಮಾಡ್ತೀವಿ ಮೇಡಂ" ಅಂದ.

ನಿಜವಾದ ನಿಯಮ ಹೀಗಿದೆ. 2021ರ ನವೆಂಬರ್ 18ರಂದು ಬಂದ ಎನ್‌ಎಂಸಿ ನಿಯಮದ ಪ್ರಕಾರ ಹೊರದೇಶದಲ್ಲಿ ಕನಿಷ್ಠ 54 ತಿಂಗಳು ಇಂಗ್ಲಿಷ್ ಮಾಧ್ಯಮದಲ್ಲಿ ಓದಬೇಕು, 12 ತಿಂಗಳು ಇಂಟರ್ನ್‌ಶಿಪ್ ಮಾಡಬೇಕು, ಎಲ್ಲ ಒಂದೇ ಸಂಸ್ಥೆಯಲ್ಲಿ. ಸ್ವಲ್ಪ ಇಲ್ಲಿ, ಸ್ವಲ್ಪ ಅಲ್ಲಿ ನಡೆಯಲ್ಲ. ಸೇರಿದ ದಿನದಿಂದ ಹತ್ತು ವರ್ಷದೊಳಗೆ ಮುಗಿಸಲೂ ಬೇಕು. ಆ ಜಾರ್ಜಿಯಾ ಕಾಲೇಜು ಕ್ರೆಡಿಟ್ ಲೆಕ್ಕ ಹಾಕಿ ಮೂರನೇ ವರ್ಷಕ್ಕೆ ಸಂತೋಷದಿಂದ ಸೇರಿಸಿಕೊಳ್ಳಬಹುದು, ಡಿಗ್ರಿಯನ್ನೂ ಕೊಡಬಹುದು. ತೊಂದರೆ ಶುರುವಾಗುವುದು ಇಲ್ಲಿಗೆ ವಾಪಸ್ ಬಂದ ಮೇಲೆ. ಹೊರದೇಶದಲ್ಲಿ ಓದಿದವರು ಇಲ್ಲಿ ಬರೆಯಬೇಕಾದ ಎಫ್‌ಎಂಜಿಇ ಪರೀಕ್ಷೆ ಇದೆ, 300 ಪ್ರಶ್ನೆಗೆ 150 ಬಂದರೆ ಪಾಸು, ಆದರೆ ಎರಡು ಕಾಲೇಜಿನಲ್ಲಿ ಓದಿದ ಕಾಗದ ಹಿಡಿದುಕೊಂಡು ಡಾಕ್ಟರ್ ಅಂತ ರಿಜಿಸ್ಟ್ರೇಷನ್ ಕೇಳೋಕೆ ಹೋದಾಗ ಈ ಕನ್ಸಲ್ಟೆನ್ಸಿ ಪಕ್ಕದಲ್ಲಿ ಬಂದು ನಿಲ್ಲುತ್ತದಾ? ನಿಯಮದಂತೆ ಹೋಗುವುದಾದರೆ ಜಾರ್ಜಿಯಾದಲ್ಲಿ ಮತ್ತೆ ಮೊದಲ ವರ್ಷದಿಂದಲೇ ಕೂರಬೇಕು. ಅದನ್ನು ಇವರು ಬಾಯಿಬಿಟ್ಟು ಹೇಳಲೇ ಇಲ್ಲ.

ಭಾರತದ ಕಾಲೇಜಿಗೆ ತರುವ ಮಾತಂತೂ ಬಿಡಿ. ಹಿಂದೆ ನಮ್ಮಲ್ಲೇ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋಗೋಕೆ ಮೈಗ್ರೇಷನ್ ಅಂತ ಇತ್ತು. ಮೊದಲ ವರ್ಷದ ಪರೀಕ್ಷೆ ಪಾಸಾದ ಮೇಲೆ, ಖಾಲಿ ಸೀಟಿದ್ದರೆ, ಒಟ್ಟು ಸೀಟಿನ 5 ಪರ್ಸೆಂಟ್ ಒಳಗೆ ಮಾತ್ರ, ಒಂದೇ ಊರಿನ ಕಾಲೇಜುಗಳ ಮಧ್ಯೆ ಆದರೆ ಅದೂ ಇರಲಿಲ್ಲ. 2023ರ ಹೊಸ ನಿಯಮದಲ್ಲಿ ಅದನ್ನೂ ನಿಲ್ಲಿಸಿದರು. ದೃಷ್ಟಿ ದೋಷ ಇರುವ ವಿದ್ಯಾರ್ಥಿಯೊಬ್ಬರು ದೆಹಲಿ ಹೈಕೋರ್ಟಿಗೆ ಹೋಗಿ, 2025ರಲ್ಲಿ ಕೋರ್ಟು ಆ ನಿಷೇಧವನ್ನು ರದ್ದು ಮಾಡಿದೆ. ಒಳ್ಳೆಯದೇ ಆಯಿತು. ಆದರೆ ಅದು ಇಲ್ಲೇ ಸೀಟು ಸಿಕ್ಕಿ ಓದುತ್ತಿರುವವರ ವಿಷಯ, ಹೊರದೇಶದಿಂದ ಬರುವವರದ್ದಲ್ಲ. ಯುಕ್ರೇನಿಂದ ಓಡಿಬಂದ ಮಕ್ಕಳನ್ನೇ ಇಲ್ಲಿನ ಕಾಲೇಜುಗಳಿಗೆ ಸೇರಿಸಿಕೊಳ್ಳಲಿಲ್ಲ, ಇನ್ನು ಚಳಿ ಜಾಸ್ತಿ ಅಂತ ಬರುವವರನ್ನು ಯಾರು ಕೇಳುತ್ತಾರೆ? (ಇಲ್ಲೇ ಸೇರುವ ಮಕ್ಕಳಿಗೆ ಕಾಲೇಜು ಬದಲಾಯಿಸುವ ಸುಲಭದ ಹೊತ್ತು ಸೀಟು ಹಂಚುವ ಕೌನ್ಸೆಲಿಂಗ್ ರೌಂಡುಗಳು ನಡೆಯುವಾಗಲೇ. ಮೊದಲ ರೌಂಡಿನಲ್ಲಿ ಸಿಕ್ಕಿದ್ದು ಇಷ್ಟವಿಲ್ಲದಿದ್ದರೆ ಮುಂದಿನ ರೌಂಡಿಗೆ ಯಾವಾಗ, ಹೇಗೆ ಹೋಗಬಹುದು ಅನ್ನುವುದನ್ನು ಆಗಲೇ ನೋಡಿಕೊಳ್ಳಿ.)

ರಸೀದಿ ವಿಷಯ ಹೇಳಲೇಬೇಕು. ಅದರಲ್ಲಿ "ಟ್ರಾನ್ಸ್‌ಫರ್" ಅನ್ನುವ ಪದವೇ ಇಲ್ಲ! "ಕೌನ್ಸೆಲಿಂಗ್ ಚಾರ್ಜಸ್" ಅಂತ ಬರೆದು, ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ಹಣ ವಾಪಸ್ ಇಲ್ಲ ಅಂತ ಸೀಲ್ ಹಾಕಿದ್ದಾರೆ. ಯಾವ ಕಾಲೇಜು, ಯಾವ ವರ್ಷಕ್ಕೆ, ಆಗದಿದ್ದರೆ ಎಷ್ಟು ವಾಪಸ್, ಈ ಮೂರನ್ನು ಲೆಟರ್‌ಹೆಡ್ ಮೇಲೆ ಬರೆದು ಸಹಿ ಹಾಕಿ ಕೊಡಿ ಅಂತ ಕೇಳಿದಾಗ ಆ ಹುಡುಗ ಒಳಗೆ ಹೋಗಿ ಬಂದು, ನಮ್ಮಲ್ಲಿ ಹಾಗೆ ಕೊಡುವ ಪದ್ಧತಿ ಇಲ್ಲ ಅಂದ. ಕಾಫಿ ಮಾತ್ರ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಹುಡುಗಿ ಅಲ್ಲೇ ಮೂರನೇ ವರ್ಷಕ್ಕೆ ಫೀಸ್ ಕಟ್ಟಿದ್ದಾಳೆ, ರಷ್ಯನ್ ಟ್ಯೂಷನ್‌ಗೂ ಸೇರಿದ್ದಾಳೆ. ಮುಂಗಡದಲ್ಲಿ ಅರ್ಧ ವಾಪಸ್ ಬಂತು, ಅದೂ ಭಾವ ಆಫೀಸಿನಲ್ಲಿ ಎಲ್ಲರೆದುರು ದನಿ ಎತ್ತಿದ ಮೇಲೆ. ಉಳಿದರ್ಧಕ್ಕೆ ಫೋನ್ ಮಾಡಿದರೆ ಸರ್ ಬೆಂಗಳೂರಿಗೆ ಹೋಗಿದ್ದಾರೆ ಅನ್ನುತ್ತಾರೆ. ಅದೂ ಬಂದರೆ ಇಲ್ಲೇ ಬರೆದು ಇನ್ನೊಂದು ಸ್ಟಾರ್ ಸೇರಿಸುತ್ತೇನೆ.