ಮುರುಡೇಶ್ವರಕ್ಕೆ ಮಕ್ಕಳನ್ನ ಕರ್ಕೊಂಡು ಹೋಗ್ತಿದ್ರೆ, ಬನಾನಾ ರೈಡ್ ಹತ್ಸೋಕ್ ಮುಂಚೆ ಇದೊಂದ್ ಓದಿ

ಬರೀಬೇಕೋ ಬೇಡ್ವೋ ಅಂತ ಹದಿನೈದು ದಿನದಿಂದ ಯೋಚ್ನೆ ಮಾಡ್ತಿದ್ದೆ. ಬರೆದ್ರೆ "ನೀವೇನ್ ನೋಡ್ತಾ ನಿಂತಿದ್ರಿ" ಅಂತ ನಮ್ಮನ್ನೇ ಬೈಯೋರು ಇರ್ತಾರೆ, ಬೈರಿ ಪರ್ವಾಗಿಲ್ಲ, ಅದ್ರಲ್ಲಿ ಸುಳ್ಳೇನಿಲ್ಲ. ಆದ್ರೆ ಈ ರಜೆ ಮುಗಿಯೋದ್ರೊಳಗೆ ಇನ್ನೂ ಎಷ್ಟೋ ಮನೆಯವ್ರು ಅದೇ ಮರಳ ಮೇಲೆ ಅದೇ ಕ್ಯೂನಲ್ಲಿ ನಿಲ್ತಾರೆ, ಅದಕ್ಕೆ ಬರೀತಿದೀನಿ.

ನಾವು ದಾವಣಗೆರೆಯವ್ರು. ಮೇ ತಿಂಗಳಲ್ಲಿ ನಮ್ಮೂರ ಬಿಸಿಲು ಗೊತ್ತಲ್ಲ, ಮಕ್ಕಳಿಗೆ ರಜೆ, ಮನೇಲಿ ಇಡೀ ದಿನ ಟಿವಿ ಮೊಬೈಲು ಜಗಳ, ಅತ್ತೆಗೂ ಶಿವನ ದರ್ಶನ ಮಾಡ್ಬೇಕಂತ ಆಸೆ, ಸರಿ ಅಂತ ಶಿವಮೊಗ್ಗ ಸಾಗರ ಜೋಗ ದಾಟಿ ಗೇರುಸೊಪ್ಪ ಘಾಟಿ ಇಳಿದು ಹೊನ್ನಾವರಕ್ಕೆ ಬಂದು ಅಲ್ಲಿಂದ ಮುರುಡೇಶ್ವರ. ನಾನು, ನಮ್ಮನೆಯವ್ರು, ಅತ್ತೆ, ಏಳು ವರ್ಷದ ಮಗ, ನಾಲ್ಕು ವರ್ಷದ ಮಗಳು. ಘಾಟಿಯಲ್ಲಿ ಮಗಳು ಎರಡು ಸಲ ವಾಂತಿ ಮಾಡಿದ್ದು ಬಿಟ್ರೆ ದಾರಿ ಏನೂ ತೊಂದ್ರೆ ಇಲ್ಲ.

ಮೊದಲ ದಿನ ಚೆನ್ನಾಗೇ ಇತ್ತು, ಅದನ್ನೂ ಹೇಳ್ಬೇಕು. ಊರು ಚಿಕ್ಕದು, ಎಲ್ಲ ನಡೆದೇ ನೋಡ್ಬಹುದು. ಕಂದುಕ ಗುಡ್ಡದ ಮೂರು ಕಡೆನೂ ಸಮುದ್ರ, ಮೇಲೆ 123 ಅಡಿ ಶಿವ, ಮುಂದೆ 20 ಅಂತಸ್ತಿನ ರಾಜಗೋಪುರ. ಲಿಫ್ಟ್‌ನಲ್ಲಿ 18ನೇ ಅಂತಸ್ತಿಗೆ ಕರ್ಕೊಂಡು ಹೋಗ್ತಾರೆ, ಅಲ್ಲಿ ಕಿಟಕಿಯಿಂದ ಶಿವನ ಮುಖ ನೋಡಿ ಮಗಳು "ಅಮ್ಮ ಅವ್ನು ನಮ್ಮನ್ನೇ ನೋಡ್ತಿದಾನೆ" ಅಂತ ನನ್ನ ಸೆರಗಿನ ಹಿಂದೆ ಸೇರ್ಕೊಂಡ್ಳು. ಮೂರ್ತಿ ಕೆಳಗಿನ ಗುಹೆಯಲ್ಲಿ ರಾವಣನ ಆತ್ಮಲಿಂಗದ ಕಥೆ ಬೊಂಬೆಗಳಲ್ಲಿ ಮಾಡಿಟ್ಟಿದ್ದಾರೆ, ಗಣಪತಿ ದನಗಾಹಿ ಹುಡುಗನಾಗಿ ಬಂದು ಲಿಂಗ ನೆಲಕ್ಕಿಟ್ಟುಬಿಡೋದು, ಮಗ ಅದನ್ನ ಮೂರು ಸಲ ಹೇಳಿಸ್ಕೊಂಡ. ಒಂದೇ ಮಾತು, ಗೋಪುರಕ್ಕೆ ಬೆಳಗ್ಗೆನೇ ಹೋಗಿ. ನಾವು ಹನ್ನೊಂದೂವರೆಗೆ ಹೋಗಿ ಲಿಫ್ಟ್ ಕ್ಯೂನಲ್ಲಿ ಒಂದು ಗಂಟೆ ನಿಂತ್ವಿ, ಚಪ್ಪಲಿ ಬಿಟ್ಟು ಬರೋವಾಗ ಕಲ್ಲು ಕಾದು ಅತ್ತೆ ಕಾಲು ಸುಟ್ಕೊಂಡ್ರು.

ಇನ್ನು ಎರಡನೇ ದಿನ.

ಹಿಂದಿನ ಸಂಜೆನೇ ಒಬ್ಬ ಹುಡುಗ ರೂಮಿನ ಹತ್ರ ಬಂದು ಲ್ಯಾಮಿನೇಟ್ ಮಾಡಿದ ಕಾರ್ಡ್ ತೋರಿಸ್ದ, ಬನಾನಾ ರೈಡ್, ಬಂಪರ್ ರೈಡ್, ಜೆಟ್ ಸ್ಕಿ, ಸ್ಪೀಡ್ ಬೋಟು, ಎಲ್ಲ ಸೇರಿ ಫ್ಯಾಮಿಲಿ ಕಾಂಬೊ, "ಅಕ್ಕ ಸಣ್ಣ ಮಕ್ಕಳೂ ಹೋಗ್ತಾರೆ, ಫುಲ್ ಸೇಫು" ಅಂದ. ಅವ್ರ ಹೆಸರು ಇಲ್ಲಿ ಹಾಕಲ್ಲ, ಒಬ್ಬರ ಹೆಸರು ಹಾಕಿದ್ರೆ ಉಳಿದವ್ರೆಲ್ಲ ಒಳ್ಳೆಯವ್ರು ಅಂತ ಆಗತ್ತೆ, ಹಾಗೇನಿಲ್ಲ, ಸರಿಯಾಗಿ ಮಾಡೋರೂ ಅಲ್ಲೇ ಇದಾರೆ, ಯಾರ ಹತ್ರ ಹೋದ್ರೂ ಏನು ನೋಡ್ಬೇಕು ಅನ್ನೋದು ಮುಖ್ಯ. ನಮ್ಮನೆಯವ್ರು ಅಲ್ಲೇ ಫೋನಲ್ಲಿ ಅರ್ಧ ದುಡ್ಡು ಹಾಕಿಬಿಟ್ರು. ದುಡ್ಡು ಹೋಗಿದ್ದು ಯಾವುದೋ ಒಬ್ಬರ ಸ್ವಂತ ಹೆಸರಿಗೆ, ಸಂಸ್ಥೆ ಹೆಸರು ಅಲ್ಲ. ರಸೀದಿ ಕೇಳಿದ್ರೆ "ಸ್ಕ್ರೀನ್‌ಶಾಟೇ ರಸೀದಿ ಸರ್" ಅಂದ.

ಬೆಳಗ್ಗೆ ಹತ್ತಕ್ಕೆ ಬೀಚಿಗೆ ಹೋದ್ರೆ ಒಂದು ಪ್ಲಾಸ್ಟಿಕ್ ಟೇಬಲ್, ಅದ್ರ ಮೇಲೆ ಒಂದು ಉದ್ದ ರಿಜಿಸ್ಟರು. ಹೆಸರು, ವಯಸ್ಸು, ಫೋನ್ ನಂಬರು, ಸಹಿ. ಮೇಲ್ಗಡೆ ಸಣ್ಣಕ್ಷರದಲ್ಲಿ ಏನೋ ಎರಡು ಸಾಲು, ನಾನು ಓದಲಿಲ್ಲ, ಯಾರೂ ಓದಲ್ಲ, ಹಿಂದೆ ಮೂವತ್ತು ಜನ ನಿಂತಿರ್ತಾರೆ. ಟೇಬಲ್ ಹತ್ರ ಇದ್ದವ್ನು ಮಗನ ವಯಸ್ಸು ಎಷ್ಟು ಅಂದ, ಏಳು ಅಂದೆ. ಅವ್ನು ತಲೆ ಎತ್ತದೆ 12 ಅಂತ ಬರ್ಕೊಂಡ. ನಾನು ಅದನ್ನ ನೋಡ್ದೆ. ಪೆನ್ನು ಒಂದು ಎರಡು ಅಂತ ಬರೆದಿದ್ದು ನನ್ನ ಕಣ್ಣಿಗೆ ಈಗ್ಲೂ ಕಾಣತ್ತೆ. ಕೇಳಿದ್ರೆ "ರೂಲ್ಸಿಗೆ ಅಕ್ಕ, ಅಷ್ಟೇ" ಅಂತ ನಕ್ಕ, ನಾನೂ ನಕ್ಕೆ, ಯಾಕೆ ನಕ್ಕೆ ಅಂತ ಇವತ್ತಿಗೂ ಗೊತ್ತಿಲ್ಲ. ಮಗ ಪಕ್ಕದಲ್ಲಿ ನಿಂತು ಕುಣೀತಿದ್ದ, ಈಗ ಬೇಡ ಅಂದ್ರೆ ಅಳ್ತಾನೆ, ದುಡ್ಡೂ ಕೊಟ್ಟಾಗಿದೆ, ಇಷ್ಟೇ ತಲೇಲಿ ಓಡಿದ್ದು.

ಆಮೇಲೆ ಲೈಫ್ ಜಾಕೆಟ್ಟು. ಒಂದು ರಾಶಿ ಒದ್ದೆ ಜಾಕೆಟ್ ಮರಳ ಮೇಲೆ ಬಿದ್ದಿತ್ತು, ಎಲ್ಲ ಒಂದೇ ಸೈಜು, ದೊಡ್ಡವ್ರದ್ದು. ಅದ್ರಲ್ಲೊಂದು ತೆಗ್ದು ಮಗನಿಗೆ ತೊಡಿಸಿದ್ರು, ಮೊಣಕಾಲ ತನಕ ಬರ್ತಿತ್ತು. ಮೂರು ಬಕಲ್‌ನಲ್ಲಿ ನಡುವಿಂದು ಮುರಿದಿತ್ತು, ಅಲ್ಲಿ ನೈಲಾನ್ ದಾರ ಗಂಟು ಹಾಕಿದ್ರು. ತೊಡೆ ಸಂದಿಯಲ್ಲಿ ಹಾಕೋ ಪಟ್ಟಿ ಇರ್ಲೇ ಇಲ್ಲ. ಆ ಪಟ್ಟಿ ಒಂದು ಇರತ್ತೆ ಅನ್ನೋದೇ ನಮಗೆ ಗೊತ್ತಿರ್ಲಿಲ್ಲ.

ಬನಾನಾ ರೈಡ್ ಅಂದ್ರೆ ಗಾಳಿ ತುಂಬಿದ ಉದ್ದ ಟ್ಯೂಬು, ಅದನ್ನ ಬೋಟು ಹಗ್ಗದಲ್ಲಿ ಎಳ್ಕೊಂಡು ಹೋಗತ್ತೆ, ಕೊನೆಗೆ ಬೋಟನ್ನ ಜೋರಾಗಿ ತಿರುಗಿಸಿ ಎಲ್ರನ್ನೂ ಬೇಕಂತಲೇ ನೀರಿಗೆ ಬೀಳಿಸ್ತಾರೆ, ಅದೇ ಮಜಾ. ನಮ್ಮನೆಯವ್ರು ಹತ್ತೋಕ್ ಮುಂಚೆ "ಮಗು ಇದೆ, ಬೀಳಿಸ್ಬೇಡಿ" ಅಂತ ಹೇಳಿದ್ರು. ಹೇಳಿದ್ದು ಟೇಬಲ್ ಹತ್ರ ಇದ್ದವ್ನಿಗೆ. ಬೋಟ್ ಓಡಿಸೋನು ಬೇರೆಯವ್ನು, ಅವ್ನಿಗೆ ಯಾರೂ ಹೇಳೇ ಇಲ್ಲ. ಹಿಂದೆ ಕೂತಿದ್ದ ಕಾಲೇಜು ಹುಡುಗ್ರು ಬೀಳ್ಸಣ್ಣಾ ಬೀಳ್ಸು ಅಂತ ಕೂಗಿದ್ರು, ಬೀಳಿಸ್ದ.

ನಾನು ದಡದಲ್ಲಿ ಮಗಳನ್ನ ಎತ್ಕೊಂಡು ಮೊಬೈಲಲ್ಲಿ ವಿಡಿಯೋ ಮಾಡ್ತಿದ್ದೆ. ಎಲ್ರ ತಲೆನೂ ನೀರಿಂದ ಮೇಲೆ ಬಂತು, ಇವನ ತಲೆ ಕಾಣಲಿಲ್ಲ. ಜಾಕೆಟ್ ಕಾಣ್ತಿತ್ತು. ಕಿತ್ತಳೆ ಜಾಕೆಟ್ ತೇಲ್ತಿದೆ, ಅದ್ರ ಕುತ್ತಿಗೆ ಜಾಗದಿಂದ ಎರಡು ಸಣ್ಣ ಕೈ ಮೇಲಕ್ಕೆ ಚಾಚಿದೆ, ಮುಖ ಇಲ್ಲ. ದೊಡ್ಡ ಜಾಕೆಟ್ ನೀರಲ್ಲಿ ತಾನು ಮೇಲೆ ಬರತ್ತೆ, ಮಗುನ ಮೇಲೆ ತರಲ್ಲ, ಮಗು ಅದ್ರ ಕೆಳಗಿಂದ ಜಾರ್ತಿರತ್ತೆ. ನಮ್ಮನೆಯವ್ರು ಹಗ್ಗದ ಆಚೆ ಕಡೆ ಬಿದ್ದಿದ್ರು, ಅವ್ರಿಗೂ ಈಜು ಅಷ್ಟಕ್ಕಷ್ಟೇ, ಅದೇ ಕೂಗಿದ ಹುಡುಗ್ರಲ್ಲಿ ಒಬ್ಬ ಹೋಗಿ ಇವನ ಕೈ ಹಿಡಿದು ಎಳೆದ. ಆ ಹುಡುಗನ ಹೆಸರೂ ಕೇಳಿಲ್ಲ ನಾವು. ಎಲ್ಲಿದ್ರೂ ಚೆನ್ನಾಗಿರ್ಲಪ್ಪ.

ದಡಕ್ಕೆ ಬಂದ ಮೇಲೆ ಮಗ ಕೆಮ್ಮಿ ಕೆಮ್ಮಿ ಉಪ್ಪುನೀರು ಕಕ್ಕಿದ, ತುಟಿ ಬಿಳಿಚಿತ್ತು. ಟೇಬಲ್ ಹತ್ರ ಜಗಳಕ್ಕೆ ಹೋದ್ರೆ "ಸಹಿ ಹಾಕಿದೀರಲ್ಲ ಸರ್, ಸ್ವಂತ ಜವಾಬ್ದಾರಿ ಅಂತ ಮೇಲೆ ಬರೆದಿದೆ, 12 ವರ್ಷದ ಹುಡುಗ ಅಂತ ನೀವೇ ಬರೆಸಿದೀರ" ಅಂದ್ರು! ಉಳಿದ ರೈಡಿನ ದುಡ್ಡೂ ವಾಪಸ್ ಕೊಡ್ಲಿಲ್ಲ. ಬೇಕಾದ್ರೆ ಸಂಜೆ ಬಂದು ಜೆಟ್ ಸ್ಕಿ ಮಾಡ್ಕೊಂಡು ಹೋಗಿ ಅಂದ್ರು.

ಹತ್ರದಲ್ಲೇ ಒಬ್ಬ ಡಾಕ್ಟರಿಗೆ ತೋರಿಸಿದ್ವಿ, ಅವ್ರು ಎದೆ ನೋಡಿ ಸದ್ಯಕ್ಕೆ ಏನಿಲ್ಲ, ಆದ್ರೆ ನೀರು ಕುಡಿದ ಮಗು ಮೇಲಕ್ಕೆ ಸರಿ ಕಂಡ್ರೂ ಗಂಟೆಗಳಾದ ಮೇಲೆ ಉಸಿರಾಟ ಕಷ್ಟ ಆಗ್ಬಹುದು, ಕೆಮ್ಮು ನಿಲ್ಲದೆ ಇದ್ರೆ, ಉಸಿರು ಜೋರಾದ್ರೆ, ಸುಮ್ಮನೆ ತೂಕಡಿಸ್ತಿದ್ರೆ ಕಾಯ್ಬೇಡಿ ಕೂಡ್ಲೇ ಆಸ್ಪತ್ರೆಗೆ ಹೋಗಿ ಅಂದ್ರು. ಆ ರಾತ್ರಿ ನಾವಿಬ್ರೂ ಮಲಗ್ಲಿಲ್ಲ, ಎದೆ ಮೇಲೆ ಕೈ ಇಟ್ಕೊಂಡು ಕೂತಿದ್ವಿ. ಅತ್ತೆ ಮುರುಡೇಶ್ವರನಿಗೆ ಹರಕೆ ಹೊತ್ರು.

ಈಗ ಜಾಕೆಟ್ ವಿಷಯ, ಊರಿಗೆ ಬಂದ ಮೇಲೆ ಕಲಿತಿದ್ದು. ಮಕ್ಕಳ ಜಾಕೆಟ್ಟಿಗೆ ತೂಕದ ಲೆಕ್ಕ ಇರತ್ತೆ, ಒಳಗಡೆ ಬರೆದಿರತ್ತೆ ಎಷ್ಟು ಕೇಜಿಯವ್ರಿಗೆ ಅಂತ. ಎಲ್ಲ ಬಕಲ್ ಹಾಕಿ, ತೊಡೆ ಸಂದಿ ಪಟ್ಟಿ ಬಿಗಿದು, ಆಮೇಲೆ ಹೆಗಲ ಹತ್ರ ಜಾಕೆಟ್ ಹಿಡಿದು ಮೇಲಕ್ಕೆ ಎಳೆದು ನೋಡಿ. ಕಿವಿ ತನಕ ಬಂತಾ, ಗಲ್ಲ ಒಳಗೆ ಮುಳುಗ್ತಾ, ಆ ಜಾಕೆಟ್ ನಿಮ್ಮ ಮಗುಗೆ ಅಲ್ಲ. ಹತ್ತು ಸೆಕೆಂಡಿನ ಕೆಲಸ ಕಣ್ರೀ. ಮಕ್ಕಳ ಸೈಜ್ ಇಲ್ಲ ಅಂದ್ರೆ ಅಲ್ಲಿಂದ ವಾಪಸ್ ಬನ್ನಿ, ಅಡ್ವಾನ್ಸ್ ಹೋದ್ರೆ ಹೋಗ್ಲಿ. ಅದಕ್ಕಿಂತ ಮೊದ್ಲೇ ಅಡ್ವಾನ್ಸ್ ಕೊಡ್ಲೇಬೇಡಿ, ಕೊಟ್ಟ ದುಡ್ಡೇ ನಮ್ಮ ಬಾಯಿ ಕಟ್ಟಿದ್ದು. ಬೀಳಿಸ್ಬೇಡಿ ಅನ್ನೋದನ್ನ ಬೋಟ್ ಓಡಿಸೋನ ಮುಖ ನೋಡ್ಕೊಂಡು ಹೇಳಿ, ಹಿಂದೆ ಕೂರೋ ಗುಂಪು ಯಾವುದು ಅಂತನೂ ನೋಡಿ. ನೇತ್ರಾಣಿ ದ್ವೀಪದ ಸ್ಕೂಬಾ, ಅಂದ್ರೆ ಆಕ್ಸಿಜನ್ ಥರ ಗಾಳಿ ಸಿಲಿಂಡರ್ ಹಾಕ್ಕೊಂಡು ಸಮುದ್ರದೊಳಗೆ ಮುಳುಗೋದು, ಅದ್ರ ಬಗ್ಗೆನೂ ಕೆಲವ್ರು ಕೇಳಿದ್ರು, ದ್ವೀಪ ದಡದಿಂದ ಸುಮಾರು 19 ಕಿಲೋಮೀಟರ್ ಒಳಗಿದೆ, ಬೋಟಲ್ಲೇ ಗಂಟೆ ಮೇಲಾಗತ್ತೆ, ಘಾಟಿಯಲ್ಲೇ ವಾಂತಿ ಮಾಡೋ ಮಕ್ಕಳನ್ನ ಅಲ್ಲಿಗೆ ಕರ್ಕೊಂಡು ಹೋಗೋ ಮಾತೇ ಬೇಡ.

ಇನ್ನು ರೈಡೇ ಬೇಡ, ದಡದಲ್ಲೇ ಆಡಿಸ್ತೀವಿ ಅನ್ನೋರಿಗೂ ಒಂದು ಮಾತು. ಮರುದಿನ ನಾನು ಮಕ್ಕಳನ್ನ ಹಿಡ್ಕೊಂಡು ಒಂದು ಕಡೆ ನೀರು ಶಾಂತವಾಗಿದೆ ಅಂತ ಕಾಲಷ್ಟೇ ಒದ್ದೆ ಮಾಡ್ಸೋಕೆ ಹೋಗ್ತಿದ್ದೆ, ಶೇಂಗಾ ಮಾರೋ ಅಜ್ಜಿ ಒಬ್ರು ಬುಟ್ಟಿ ಇಳಿಸಿ ಕೂಗಿದ್ರು, "ತಂಗೀ, ಅಲ್ಲಿ ಇಳೀಬೇಡ, ತೆರೆ ಇಲ್ಲದ್ ಕಡೆನೇ ಎಳೆತ ಇರ್ತದೆ." ನಿಂತು ನೋಡಿದ್ರೆ ಹೌದು, ಎರಡೂ ಪಕ್ಕ ಬಿಳಿ ನೊರೆ ಎದ್ದು ಒಡೀತಿದೆ, ನಡುವೆ ಒಂದು ಪಟ್ಟಿ ಮಾತ್ರ ಸಪಾಟಾಗಿ ಕಪ್ಪಗೆ ಇದೆ, ಬಿದ್ದಿದ್ದ ಒಂದು ತೆಂಗಿನ ಗರಿ ಅಲ್ಲಿಂದ ಒಳಗೊಳಗೆ ಸಮುದ್ರಕ್ಕೆ ಹೋಗ್ತಿದೆ. ದಡಕ್ಕೆ ಬಂದ ನೀರೆಲ್ಲ ಆ ಪಟ್ಟಿಯಲ್ಲೇ ವಾಪಸ್ ಓಡತ್ತೆ. ನಮ್ಮಂಥ ಬಯಲುಸೀಮೆಯವ್ರಿಗೆ ಅದೇ ಜಾಗ ಸೇಫ್ ಅಂತ ಕಾಣೋದು. ಅದ್ರಲ್ಲಿ ಸಿಕ್ಕಿದ್ರೆ ದಡದ ಕಡೆ ಎದುರಿಗೆ ಈಜಿ ಸುಸ್ತಾಗ್ಬಾರ್ದು, ದಡಕ್ಕೆ ಸಮವಾಗಿ ಪಕ್ಕಕ್ಕೆ ಈಜಿ ಪಟ್ಟಿ ದಾಟ್ಬೇಕು, ಅದು ಆಗಲ್ಲ ಅಂದ್ರೆ ತೇಲ್ತಾ ಕೈ ಎತ್ತಿ ಕೂಗ್ಬೇಕು. 2024ರ ಡಿಸೆಂಬರ್‌ನಲ್ಲಿ ಮುಳಬಾಗಿಲು ಕಡೆಯ ವಸತಿ ಶಾಲೆಯಿಂದ ಪ್ರವಾಸ ಬಂದ ನಾಲ್ಕು ಹೆಣ್ಣುಮಕ್ಕಳು ಇದೇ ಮುರುಡೇಶ್ವರದಲ್ಲಿ ಮುಳುಗಿ ತೀರ್ಕೊಂಡ್ರು, ನೆನಪಿರ್ಬೇಕಲ್ಲ. ಟಿವಿಯಲ್ಲಿ ನೋಡಿ ಅಯ್ಯೋ ಅಂದಿದ್ವಿ, ಬೀಚಿಗೆ ಕಾಲಿಟ್ಟಾಗ ಆ ನೆನಪೇ ಬರ್ಲಿಲ್ಲ ನೋಡಿ. ಲೈಫ್‌ಗಾರ್ಡ್ ಇರೋ ಕಡೆ ಮಾತ್ರ ಇಳೀರಿ, ಕೆಂಪು ಬಾವುಟ ಇದ್ರೆ ಇಳೀಲೇಬೇಡಿ, ಲೈಫ್‌ಗಾರ್ಡ್ ಸೀಟಿ ಹೊಡೆದ್ರೆ ಅವ್ನ ಜೊತೆ ವಾದಕ್ಕೆ ನಿಲ್ಬೇಡಿ. ಮೇ ಕೊನೆ ವಾರದ ಹೊತ್ತಿಗೆ ಮಳೆ ಬರೋಕ್ ಮುಂಚೆನೇ ಸಮುದ್ರದ ಮೂಡು ಬದಲಾಗಿರತ್ತೆ, ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆನೇ ನಿಷೇಧ.

ಹಾಗಂತ ಹೋಗ್ಲೇಬೇಡಿ ಅಂತ ಅಲ್ಲ. ನಮ್ಮ ಟ್ರಿಪ್ಪನ್ನ ಉಳಿಸಿದ್ದು ಕೊನೇ ದಿನ, ಅದಕ್ಕೆ ಖರ್ಚೂ ಕಮ್ಮಿ. ಬೆಳಗ್ಗೆ ಆರೂವರೆಗೆ ಮೀನುಗಾರರ ದೋಣಿ ನಿಲ್ಲೋ ಕಡೆ ಹೋಗಿ ಬಲೆ ಬಿಡಿಸೋದು ನೋಡಿದ್ವಿ, ಬಲೆಗೆ ಸಿಕ್ಕ ಏಡಿಯನ್ನ ಕಾಲು ಮುರೀದ ಹಾಗೆ ಬಿಡಿಸೋ ಕೈಚಳಕ ನೋಡ್ತಾ ಮಗ ಅರ್ಧ ಗಂಟೆ ಕುಕ್ಕರುಗಾಲಲ್ಲಿ ಕೂತಿದ್ದ, ಅಷ್ಟು ಹೊತ್ತು ಅವ್ನು ಮೊಬೈಲ್ ಇಲ್ಲದೆ ಕೂತಿದ್ದು ನಾನು ನೋಡೇ ಇಲ್ಲ. ಆಮೇಲೆ ವಾಪಸ್ ಹೋಗೋ ದಾರಿಯಲ್ಲಿ ಕಾಸರಕೋಡು, ಹೊನ್ನಾವರದ ಶರಾವತಿ ಸೇತುವೆಗೆ ಮುಂಚೆ, 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದ್ರೆ ಸ್ವಚ್ಛ, ಸುರಕ್ಷಿತ ಬೀಚು ಅಂತ ಕೊಡೋ ಅಂತರರಾಷ್ಟ್ರೀಯ ಮಾನ್ಯತೆ, ಸಿಕ್ಕಿದ ಬೀಚು ಅದು. ಅಲ್ಲೇ ಹತ್ರ ಕಾಂಡ್ಲಾ ಕಾಡಿನೊಳಗೆ (ಉಪ್ಪುನೀರಿನ ಕೆಸರಲ್ಲಿ ಬೆಳೆಯೋ ಮ್ಯಾಂಗ್ರೋವ್ ಗಿಡಗಳು) ಹಲಗೆ ಹಾಸಿದ ದಾರಿ ಮಾಡಿದ್ದಾರೆ, ಇಳಿತದ ಹೊತ್ತಲ್ಲಿ ಹೋದ್ರೆ ಕೆಸರಿಂದ ಬೇರು ಪೆನ್ಸಿಲ್ ಥರ ಮೇಲೆದ್ದು ನಿಂತಿರತ್ತೆ, ಸಣ್ಣ ಸಣ್ಣ ಏಡಿ ಓಡಾಡ್ತಿರತ್ತೆ. ಮಕ್ಕಳು ಎಣಿಸ್ತಾ ಎಣಿಸ್ತಾ ಅತ್ತೆನೂ ಎಣಿಸೋಕೆ ಶುರು ಮಾಡಿದ್ರು. ನೀರಿಗೆ ಇಳಿಯೋದೇ ಬೇಡ, ನೆರಳೂ ಇದೆ. ಇಡಗುಂಜಿ ಗಣಪತಿನೂ ಅದೇ ರೂಟಿನಲ್ಲಿ ಸಿಗತ್ತೆ.

ಊರಿಗೆ ಬಂದ ಮೇಲೆ ಇಬ್ರನ್ನೂ ಈಜು ಕಲಿಸೋಕೆ ಸೇರಿಸಿದ್ವಿ. ಫಾರ್ಮ್ ತುಂಬುವಾಗ ಮಗ ಪಕ್ಕದಲ್ಲಿ ನಿಂತು "ಅಮ್ಮ ಏಳು ಅಂತಾನೇ ಬರಿ" ಅಂದ. ಆವತ್ತು ಅವ್ನೂ ನೋಡಿದ್ದ ಅಂತ ನನಗೆ ಆಗ್ಲೇ ಗೊತ್ತಾಗಿದ್ದು.

ಮೊನ್ನೆ ಬೋಟಿನವ್ರ ನಂಬರಿಂದ ವಾಟ್ಸಾಪ್ ಬಂತು, ಹಾಡು ಹಾಕಿ ಎಡಿಟ್ ಮಾಡಿದ ನಮ್ಮ ರೈಡಿನ ವಿಡಿಯೋ, ಕೆಳಗೆ "ಸರ್ ಫೈವ್ ಸ್ಟಾರ್ ರಿವ್ಯೂ ಹಾಕಿ, ನೆಕ್ಸ್ಟ್ ಟೈಮ್ ಡಿಸ್ಕೌಂಟ್." ಬಿದ್ದ ಜಾಗ ಸ್ಲೋ ಮೋಷನ್‌ನಲ್ಲಿ ಹಾಕಿದ್ದಾರೆ, ಜಾಕೆಟ್ ತಲೆ ಮೇಲೆ ಹೋಗಿರೋದು, ಮುರಿದ ಬಕಲ್ಲು, ದಾರ ಎಲ್ಲ ಚೆನ್ನಾಗಿ ಕಾಣತ್ತೆ. ನಮ್ಮನೆಯವ್ರು ಅದೇ ವಿಡಿಯೋನ ದುಡ್ಡು ಹಾಕಿದ ಸ್ಕ್ರೀನ್‌ಶಾಟ್ ಜೊತೆ ಸೇರಿಸಿ ಕಂಪ್ಲೇಂಟ್ ಕೊಟ್ಟಿದ್ದಾರೆ.