64 ಕೋರ್ ಇದ್ದರೂ 16 ಕೋರ್‌ನ ವೇಗ: ನಾನು ಮಾಡಿದ ತಪ್ಪು ನೀವು ಮಾಡಬೇಡಿ

ದೊಡ್ಡ ಸಿಮ್ಯುಲೇಶನ್‌ಗೆಂದು ಎರಡು ಪ್ರೊಸೆಸರ್‌ನ ವರ್ಕ್‌ಸ್ಟೇಷನ್ ಜೋಡಿಸುವ ಯೋಚನೆ ಇದ್ದರೆ, ದುಡ್ಡು ಕೊಡುವ ಮೊದಲು ಇದನ್ನು ಓದಿ.

ನನ್ನದು ಓಪನ್‌ಫೋಮ್ ಎಂಬ ತಂತ್ರಾಂಶದಲ್ಲಿ ಗಾಳಿಯ ಹರಿವಿನ ಲೆಕ್ಕ. ಎಎಂಡಿ ಎಪಿಕ್ 7003 ಸರಣಿಯ, ತಲಾ 32 ಕೋರ್‌ನ ಎರಡು ಪ್ರೊಸೆಸರ್ ತಗೊಂಡೆ. ರ‍್ಯಾಮ್ 256 ಜಿಬಿ ಸಾಕಿತ್ತು. 64 ಜಿಬಿಯ ನಾಲ್ಕು ಸ್ಟಿಕ್ ತಂದು ಒಂದೊಂದು ಪ್ರೊಸೆಸರ್‌ಗೆ ಎರಡರಂತೆ ಹಾಕಿದೆ. ಉಳಿದ ಸ್ಲಾಟ್ ಖಾಲಿ ಇರಲಿ, ಮುಂದೆ ಬೇಕಾದಾಗ ತುಂಬಿಸಬಹುದಲ್ವಾ ಅಂದುಕೊಂಡೆ. ಆ ಜಾಣತನವೇ ಮುಳುವಾಯಿತು.

16 ಕೋರ್‌ನಲ್ಲಿ ಒಂದು ಹೆಜ್ಜೆ ಲೆಕ್ಕಕ್ಕೆ 11 ಸೆಕೆಂಡ್. 64ರಲ್ಲಿ 10 ಸೆಕೆಂಡ್! ಕೋರ್‌ಗಳು ಎಷ್ಟು ದುಡಿಯುತ್ತಿವೆ ಎಂದು ತೋರಿಸುವ ಎಚ್‌ಟಾಪ್ ತೆರೆದರೆ ಎಲ್ಲ ಕೋರ್‌ಗಳೂ ನೂರಕ್ಕೆ ನೂರು ದುಡಿಯುತ್ತಿವೆ. ಬಿಸಿ ಜಾಸ್ತಿ ಆಗಿರಬೇಕೆಂದು ಫ್ಯಾನ್ ಬದಲಿಸಿದೆ, ಥರ್ಮಲ್ ಪೇಸ್ಟ್ ಕೆರೆದು ಮತ್ತೆ ಹಚ್ಚಿದೆ, ಕೋರ್‌ಗಳಿಗೆ ಕೆಲಸ ಹಂಚಿಕೊಳ್ಳಲು ಬೇಕಾದ ಎಂಪಿಐ ಲೈಬ್ರರಿಯನ್ನು ಮತ್ತೆ ಕಂಪೈಲ್ ಮಾಡಿದೆ. ಸುಮ್ನೆ ಒಂದು ವಾರ ಹೋಯಿತು. ಮೆಮೊರಿಯಿಂದ ಡೇಟಾ ಬರಲಿ ಎಂದು ಕಾಯುತ್ತಾ ಕೂತ ಕೋರ್ ಕೂಡ ಎಚ್‌ಟಾಪ್‌ನಲ್ಲಿ ದುಡಿಯುವಂತೆಯೇ ಕಾಣುತ್ತದೆ. ಅದು ನನಗೆ ಹೊಳೆಯಲೇ ಇಲ್ಲ.

ಕೊನೆಗೆ ಮೆಮೊರಿಯ ವೇಗ ಅಳೆಯುವ ಸ್ಟ್ರೀಮ್ ಬೆಂಚ್‌ಮಾರ್ಕ್ ಓಡಿಸಿದೆ. ಸೆಕೆಂಡಿಗೆ 80 ಜಿಬಿ ಚಿಲ್ಲರೆ ಬಂತು. ಆಗ ಕೂತು ಲೆಕ್ಕ ಹಾಕಿದೆ. ನನ್ನ ರ‍್ಯಾಮ್ ಡಿಡಿಆರ್4-3200; ಅದರಿಂದ ಪ್ರೊಸೆಸರ್‌ಗೆ ಡೇಟಾ ಬರುವ ಒಂದು ದಾರಿಗೆ, ಅಂದರೆ ಒಂದು ಚಾನಲ್‌ಗೆ, ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ. ಪ್ರೊಸೆಸರ್ ಒಂದಕ್ಕೆ 8 ಚಾನಲ್, ಎರಡಕ್ಕೂ ಸೇರಿ 409.6 ಜಿಬಿ. ಒಂದು ಸ್ಟಿಕ್ ತೆರೆಯುವುದು ಒಂದೇ ಚಾನಲ್. ಹದಿನಾರು ಬಾಗಿಲಲ್ಲಿ ನಾಲ್ಕನ್ನು ಮಾತ್ರ ತೆಗೆದು, ಕೆಲಸ ಏಕೆ ನಿಧಾನ ಎಂದು ತಲೆ ಚಚ್ಚಿಕೊಳ್ಳುತ್ತಿದ್ದೆ.

ಹರಿವಿನ ಲೆಕ್ಕದಲ್ಲಿ ಜಾಗವನ್ನು ಲಕ್ಷಗಟ್ಟಲೆ ಸಣ್ಣ ತುಂಡುಗಳಾಗಿ, ಅಂದರೆ ಸೆಲ್‌ಗಳಾಗಿ, ಒಡೆದಿರುತ್ತಾರೆ; ಅವೆಲ್ಲ ಪ್ರೊಸೆಸರ್ ಒಳಗಿನ ಪುಟ್ಟ ಮೆಮೊರಿಯಾದ ಕ್ಯಾಶ್‌ನಲ್ಲಿ ಹಿಡಿಸುವುದಿಲ್ಲ. ಒಂದೊಂದು ಸೆಲ್‌ನ ಡೇಟಾ ತರಬೇಕು, ಸ್ವಲ್ಪ ಕೂಡಿ ಗುಣಿಸಬೇಕು, ಬಿಟ್ಟು ಮುಂದಿನದಕ್ಕೆ ಹೋಗಬೇಕು. ತರುವುದೇ ದೊಡ್ಡ ಕೆಲಸ. ಅಣುಗಳ ಚಲನೆ ಲೆಕ್ಕ ಹಾಕುವ ಮಾಲಿಕ್ಯುಲರ್ ಡೈನಾಮಿಕ್ಸ್‌ನವರಿಗೆ ಈ ಪೆಟ್ಟು ಇಷ್ಟು ಜೋರಾಗಿ ಬೀಳುವುದಿಲ್ಲ.

16 ಜಿಬಿಯ ಹದಿನಾರು ಸ್ಟಿಕ್ ಹಾಕಿದ್ದರೂ ಅದೇ 256 ಜಿಬಿ ಆಗುತ್ತಿತ್ತು. ಈಗ ಹಾಗೇ ಹಾಕಿದ್ದೇನೆ. 10 ಸೆಕೆಂಡ್ 3ಕ್ಕೆ ಇಳಿಯಿತು.

ಅಲ್ಲಿಗೂ ಮುಗಿಯಲಿಲ್ಲ. ನಾನೇ ಬರೆದ ಸಿ ಪ್ರೋಗ್ರಾಂ ಒಂದು ಮಾತ್ರ ಕುಂಟುತ್ತಲೇ ಇತ್ತು. ಅದರಲ್ಲಿ ದೊಡ್ಡ ಅರೇಗಳಿಗೆಲ್ಲ ಒಂದೇ ಥ್ರೆಡ್ (ಒಂದು ಕೋರ್ ಮೇಲೆ ಓಡುವ ಕೆಲಸದ ಎಳೆ) ಸೊನ್ನೆ ತುಂಬಿಸುತ್ತಿತ್ತು. ಲಿನಕ್ಸ್‌ನಲ್ಲಿ ಯಾವ ಕೋರ್ ಮೊದಲು ಮುಟ್ಟುತ್ತದೋ ಅದರ ಪಕ್ಕದ ರ‍್ಯಾಮ್‌ನಲ್ಲೇ ಜಾಗ ಸಿಗುತ್ತದೆ. ಹಾಗಾಗಿ ಡೇಟಾ ಎಲ್ಲ ಒಂದೇ ಪ್ರೊಸೆಸರ್ ಕಡೆ ಕೂತಿತ್ತು. ಇನ್ನೊಂದು ಪ್ರೊಸೆಸರ್ ಪ್ರತಿ ಸಲ ಆಚೆ ಮನೆಗೆ ಹೋಗಿ ತರಬೇಕು. ಸೊನ್ನೆ ತುಂಬಿಸುವ ಲೂಪನ್ನೂ ಲೆಕ್ಕದ ಲೂಪಿನಂತೆಯೇ ಥ್ರೆಡ್‌ಗಳಿಗೆ ಹಂಚಿದೆ, ಸರಿಹೋಯಿತು. ಕೋಡ್ ಮುಟ್ಟಲು ಆಗದಿದ್ದರೆ ಲಿನಕ್ಸ್‌ನ ನ್ಯೂಮಾಸಿಟಿಎಲ್ ಆದೇಶದಲ್ಲಿ, ಡೇಟಾವನ್ನು ಎರಡೂ ಪ್ರೊಸೆಸರ್‌ಗಳ ರ‍್ಯಾಮ್‌ಗೆ ಸಮನಾಗಿ ಹಂಚುವ ಇಂಟರ್‌ಲೀವ್ ಆಯ್ಕೆ ಹಾಕಿ ನೋಡಿ, ತಕ್ಕಮಟ್ಟಿಗೆ ಸುಧಾರಿಸುತ್ತದೆ.

ಸೆಕೆಂಡ್ ಹ್ಯಾಂಡ್ ಪ್ರೊಸೆಸರ್ ಕೊಳ್ಳುವವರಿಗೆ ಇನ್ನೊಂದು ಮಾತು. ನನಗೆ ಮೊದಲು ಬಂದ ಜೋಡಿಯಲ್ಲಿ ಒಂದು ಬೂಟ್ ಆಗಲೇ ಇಲ್ಲ. ಹಿಂದೆ ಅದು ಇದ್ದ ಸರ್ವರ್‌ನ ಕಂಪನಿಯವರು ತಮ್ಮ ಬೋರ್ಡ್‌ಗೆ ಮಾತ್ರ ಸೇರುವಂತೆ ಲಾಕ್ ಮಾಡಿದ್ದರು. ಚಿಪ್ಪಿನೊಳಗಿನ ಫ್ಯೂಸ್ ಸುಟ್ಟು ಹಾಕುವ ಲಾಕ್ ಅದು, ಬಿಡಿಸಲು ಬರುವುದಿಲ್ಲ. ಲಾಕ್ ಇಲ್ಲವೆಂದು ಬರೆದು ಕೊಡದವರ ಹತ್ತಿರ ಕೊಳ್ಳಬೇಡಿ. ನಾನು ಬಾಯಿಮಾತು ನಂಬಿದೆ. ಮಾರಿದವರು ಈಗ ಫೋನ್ ಎತ್ತುತ್ತಿಲ್ಲ.